ಮದ್ದಿನ ಮನೆಯ ಬಾಗಿಲು

ಜಯಲಕ್ಷ್ಮಿಪುರಂ, ಮೈಸೂರು
3 ಜೂನ್ 2024

ಶ್ರೀಮತಿ ಬೆಟ್ಟಮ್ಮನವರಿಗೆ,

ನಮಸ್ಕಾರ. ನನ್ನ ಹೆಸರು ಭವ್ಯಶ್ರೀ ಪ್ರಸಾದ್. ಮೈಸೂರು ಸೀಮೆಯ ಜನ ಮದ್ದು, ಆರೈಕೆ, ಪಥ್ಯ, ಚೇತರಿಕೆ ಇವುಗಳಿಗೆ ಬಳಸುವ ಮಾತುಗಳನ್ನೆಲ್ಲ ಕಲೆಹಾಕಿ ಒಂದು ಪದಕೋಶ ಮಾಡುವ ಕೆಲಸದಲ್ಲಿದ್ದೇನೆ. ನಾಟಿ ಮದ್ದು ಕೊಡುವವರ ಪಟ್ಟಿಯೊಂದರಲ್ಲಿ ನಿಮ್ಮ ಹೆಸರೂ ಬೋಗಾದಿಯ ವಿಳಾಸವೂ ಸಿಕ್ಕಿತು. ಕೊಟ್ಟಿದ್ದ ನಂಬರಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಯಾರೋ ಎತ್ತಿ, "ಯಾರು? ಜೋರಾಗಿ ಹೇಳಿ, ಕೇಳಿಸ್ತಿಲ್ಲ" ಎಂದು ಇಟ್ಟುಬಿಟ್ಟರು. ಆದ್ದರಿಂದ ಈ ಕಾಗದ.

ನನಗೆ ಬೇಕಾದದ್ದು ಇಷ್ಟು. ನೀವು ಯಾವ ಯಾವ ಕಾಯಿಲೆಗೆ ಮದ್ದು ಕೊಡುತ್ತೀರಿ, ಅದಕ್ಕೆ ಬಳಸುವ ಸೊಪ್ಪು ಬೇರುಗಳಿಗೆ ನಿಮ್ಮ ಬಾಯಲ್ಲಿ ಏನು ಹೆಸರು, ಮದ್ದು ಕೊಡುವಾಗ ಹೇಳುವ ಮಾತು ಯಾವುದು, ಗುಣವಾದಾಗ ಹೇಳುವ ಮಾತು ಯಾವುದು. ಉತ್ತರಕ್ಕೆ ಅಂಚೆಚೀಟಿ ಹಚ್ಚಿದ ಕವರ್ ಇಟ್ಟಿದ್ದೇನೆ. ನೀವು ಒಪ್ಪಿದರೆ ಒಂದು ದಿನ ಬಂದು ಕಾಣುತ್ತೇನೆ.

ಗೌರವದಿಂದ,
ಭವ್ಯಶ್ರೀ ಪ್ರಸಾದ್


ಬೋಗಾದಿ
19 ಜೂನ್ 2024

ಭವ್ಯಶ್ರೀಗೆ,

ಮೊದಲು "ನೀವು" ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ನಿನಗೆ ಮೂರು ವರ್ಷವಿದ್ದಾಗ ಹೊಟ್ಟೆನೋವಿಗೆ ಓಮದ ಕಷಾಯ ಕುಡಿಸಲು ಬಂದು ಸೀರೆಯ ತುಂಬ ಉಗಿಸಿಕೊಂಡವಳು ನಾನು. ನನಗೇಕೆ ನೀವು ತಾವು? ನೀನು ಕಂಡಕ್ಟರ್ ಪ್ರಸಾದನ ಮಗಳು ತಾನೆ? ಕುಸುಮನ ಮಗಳು ತಾನೆ? ಸಹಿ ನೋಡಿ, ಕನ್ನಡಕ ಒರೆಸಿಕೊಂಡು, ಇನ್ನೊಂದು ಸಲ ನೋಡಿದೆ.

ಫೋನ್ ಎತ್ತಿದ್ದು ನಾನೇ. ಎರಡು ಕಿವಿಯೂ ಹೋಗಿವೆ. ಮಿಷನ್ ಹಾಕಿಸಿಕೊಂಡೆ. ಅದರಲ್ಲಿ ರಿಂಗ್ ರೋಡಿನ ಲಾರಿ ಚೆನ್ನಾಗಿ ಕೇಳಿಸುತ್ತದೆ, ಮನುಷ್ಯರ ಮಾತು ಕೇಳಿಸುವುದಿಲ್ಲ. ತೆಗೆದು ಗೂಡಿನಲ್ಲಿಟ್ಟಿದ್ದೇನೆ. ನನ್ನ ಬರವಣಿಗೆ ಏಳನೇ ಕ್ಲಾಸಿನದು, ನಗಬೇಡ.

ಗಿಡಗಳ ಹೆಸರು ಕೇಳಿದ್ದೀಯೆ. ಅದನ್ನು ಹೇಳುವುದಿಲ್ಲ. ಕೋಪ ಮಾಡಿಕೊಳ್ಳಬೇಡ. ಈ ವಿದ್ಯೆ ನನಗೆ ಅತ್ತೆಯಿಂದ ಬಂದದ್ದು. ಸೊಪ್ಪು ಕಿತ್ತು ತರಲು ನನ್ನನ್ನು ಕರೆದುಕೊಂಡು ಹೋದ ಮೊದಲ ದಿನವೇ ಅವರು, "ಎಸ್ರು ಬಾಯ್ಬುಟ್ಟು ಯೋಳುದ್ರೆ ಮದ್ದು ಅತ್ತಾಕಿಲ್ಲ ಕಣವ್ವ" ಅಂದಿದ್ದರು. ಅವರೂ ಹೇಳಲಿಲ್ಲ. ಬೆರಳು ಮಾಡಿ ತೋರಿಸಿದರು, ಅಷ್ಟೆ. ಕಾಮಾಲೆಯ ಸೊಪ್ಪಿಗೆ ಹೆಸರಿದೆ ಎಂಬುದೇ ನನಗೆ ಎಷ್ಟೋ ವರ್ಷದ ಮೇಲೆ ದೇವರಾಜ ಮಾರ್ಕೆಟ್ಟಿನಲ್ಲಿ ಬೇರು ನಾರು ಮಾರುವ ಗ್ರಂಧಿಗೆ ಅಂಗಡಿಯವನಿಂದ ಗೊತ್ತಾಯಿತು.

ಮದ್ದಿನ ಮನೆಗೆ ಇನ್ನೂ ಕಟ್ಟಲೆಗಳಿವೆ, ಅವನ್ನು ಬೇಕಾದರೆ ಬರೆದುಕೋ. ಮದ್ದಿಗೆ ಬರುವವರು ಹೊತ್ತು ಹುಟ್ಟುವ ಮುಂಚೆ ಬರಿಹೊಟ್ಟೆಯಲ್ಲಿ ಬರಬೇಕು. ಕಾಯಿಲೆ ಕಸಾಲೆ ಇಲ್ಲದೆ ಸುಮ್ಮನೆ ಯಾರೂ ಮದ್ದಿನ ಮನೆಯ ಹೊಸ್ತಿಲು ತುಳಿಯಬಾರದು. ಮದ್ದು ಇಸಿದುಕೊಂಡ ಮೇಲೆ ತಿರುಗಿ ನೋಡದೆ ಹೋಗಬೇಕು. ಕೊಟ್ಟವಳು ಹಿಂದಿನಿಂದ ಕೂಗಿ ಕರೆಯಬಾರದು. ಒಂಬತ್ತು ದಿನದ ಪಥ್ಯ ಮುಗಿಯುವ ತನಕ ಅವರ ಮನೆ ಕಡೆಗೆ ತಲೆ ಹಾಕಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಲೆ ಎಂದರೆ, ಹೊರಡುವಾಗ "ಬರ್ತೀನಿ" ಅನ್ನಬಾರದು. ಬೇರೆ ಯಾರ ಮನೆಯಿಂದಾದರೂ ಆ ಮಾತು ಹೇಳದೆ ಎದ್ದು ಹೋಗುತ್ತೇವೆಯೆ? ಶತ್ರುವಿನ ಮನೆಯಿಂದಲೂ ಹೋಗುವುದಿಲ್ಲ. ಆದರೆ ಮದ್ದಿನ ಮನೆಯಲ್ಲಿ ಹಾಗೆ ಅಂದರೆ ಕಾಯಿಲೆಯೂ ಜೊತೆಗೆ ತಿರುಗಿ ಬರುತ್ತದೆ.

ನಾನು ಈ ಮನೆಗೆ ಸೊಸೆಯಾಗಿ ಬಂದು ನಲವತ್ತೆಂಟು ವರ್ಷ. ಎಷ್ಟು ಸಾವಿರ ಜನ ಬಂದರೋ. ಮುಂದಿನ ಬಾಗಿಲಿನಲ್ಲಿ ನಿಂತು "ಬರ್ತೀನಿ" ಅಂದವರು ಒಬ್ಬರೂ ಇಲ್ಲ. ಯಜಮಾನರು ಹೋದ ಮೇಲೆ, ಮಕ್ಕಳಿಲ್ಲದ ಮನೆ, ಇದು ಸ್ವಲ್ಪ ಜಾಸ್ತಿಯೇ ತಿಳಿಯತೊಡಗಿತು.

ನಿನ್ನ ಅಮ್ಮ ಒಬ್ಬಳು ಇದಕ್ಕೆಲ್ಲ ಉಪಾಯ ಕಂಡುಕೊಂಡಿದ್ದಳು. ಅವಳು ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು. "ಮುಂದ್ಗಡೆದು ಮದ್ದಿನ ಮನೆ, ಇಂದ್ಗಡೆದು ನಮ್ಮಕ್ಕನ ಮನೆ" ಎನ್ನುತ್ತಿದ್ದಳು. ದಿನಾ ಸಂಜೆ ಬಂದು, ಹುರುಳಿಕಾಯಿ ಬಿಡಿಸುತ್ತ ಕೂತು, ದೀಪ ಹಚ್ಚುವ ಹೊತ್ತಿಗೆ "ಬರ್ತೀನಿ ಕಣಕ್ಕಾ" ಎಂದು ಹೋಗುವಳು.

ಅವಳು ಹೇಗಿದ್ದಾಳೆ? ನನ್ನ ಮಾತು ಎಂದಾದರೂ ಎತ್ತುತ್ತಾಳೆಯೆ? ಇದಕ್ಕೆ ಉತ್ತರ ಬರೆ. ನೀನು ಮಾತ್ರ ಇಲ್ಲಿಗೆ ಬರಬೇಡ.

ಬೆಟ್ಟಮ್ಮ


ಜಯಲಕ್ಷ್ಮಿಪುರಂ
2 ಜುಲೈ 2024

ದೊಡ್ಡಮ್ಮ,

ಹೀಗೆ ಕರೆಯಬಹುದಲ್ಲವೆ? ನಿಮ್ಮ ಸೀರೆಯ ಮೇಲೆ ಉಗಿದದ್ದಕ್ಕೆ ಇಪ್ಪತ್ತಮೂರು ವರ್ಷ ತಡವಾಗಿ ಕ್ಷಮೆ ಕೇಳುತ್ತಿದ್ದೇನೆ. ಪಟ್ಟಿಯಲ್ಲಿ ಹೆಸರು ನೋಡಿದಾಗ ನೀವೆಂದು ಹೊಳೆಯಲೇ ಇಲ್ಲ, ಮನೆಯಲ್ಲಿ ನಿಮ್ಮ ಹೆಸರು ಕೇಳಿ ಎಷ್ಟೋ ವರ್ಷವಾಯಿತು. ಬೋಗಾದಿಯ ಮನೆ ನನಗೆ ಮಸುಕು ಮಸುಕಾಗಿ ನೆನಪಿದೆ. ಒಂದು ಅರೆಯುವ ಕಲ್ಲು, ಅದರ ಮೇಲೆ ಹಸಿರು ನೀರು. ಅದು ನಿಮ್ಮ ಮನೆಯದೇ ಇರಬೇಕು.

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಹಿರಿಯರಾದ ಸದಾಶಿವಯ್ಯನವರು, "ಹೆಸರು ಹೇಳಲ್ಲ ಅನ್ನೋದನ್ನೇ ಬರ್ಕೊಳ್ಳಮ್ಮ, ಅದೂ ಒಂದು ಪದವೇ" ಎಂದರು. ನಾನು ಕಲೆಹಾಕಿರುವ ಪದಗಳ ಗತಿ ಕೇಳಿದರೆ ನೀವು ನಗುತ್ತೀರಿ. ಹೋದ ವಾರ ಶ್ರೀರಾಂಪುರದಲ್ಲಿ ಮನೆ ಮನೆ ಸುತ್ತಿ, ಸುಸ್ತಾದಾಗ ಏನು ಮಾಡುತ್ತೀರಿ ಎಂದು ಕೇಳಿದೆ. ಹತ್ತರಲ್ಲಿ ಏಳು ಜನ "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡ್ ಬರ್ತೀವಿ" ಎಂದರು. ಒಬ್ಬ ಅಜ್ಜಿ ಮಾತ್ರ ಎಳನೀರು ಎಂದರು, ಅವರ ಸೊಸೆ ತಕ್ಷಣ "ನಿಮ್ಗೆ ಶುಗರ್ ಇದೆ, ಸುಮ್ನಿರಿ" ಎಂದು ಬಾಯಿ ಮುಚ್ಚಿಸಿದರು.

ಅಮ್ಮ ಚೆನ್ನಾಗಿದ್ದಾಳೆ. ಹಾಸ್ಟೆಲಿನ ಅಡುಗೆ ಕೆಲಸ ಬಿಟ್ಟು ಎರಡು ವರ್ಷವಾಯಿತು, ಮಂಡಿನೋವು. ನಾನು ನಿಮಗೆ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಬೋಗಾದಿ ಎಂದರೆ ಅವಳು ಮಾತು ಬದಲಾಯಿಸುತ್ತಾಳೆ. ಆ ಕಡೆಯ ಬಸ್ ಕೂಡ ಹತ್ತುವುದಿಲ್ಲ. ಅಪ್ಪ ಹೋದ ಊರು ಎಂದು ಹಾಗಿರಬಹುದು. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಹೋದರು ಎಂದಷ್ಟೇ ನನಗೆ ಹೇಳಿರುವುದು. ನಿಮಗೆ ಗೊತ್ತೇ ಇರುತ್ತದೆ.

ಗುಣವಾದಾಗ ಹೇಳುವ ಮಾತುಗಳನ್ನಾದರೂ ಬರೆದು ಕಳಿಸಿ. ಅದಕ್ಕೆ ಕಟ್ಟಲೆ ಇಲ್ಲವಲ್ಲ?

ನಿಮ್ಮ
ಭವ್ಯ


ಬೋಗಾದಿ
11 ಆಗಸ್ಟ್ 2024

ಭವ್ಯ,

ತಡವಾಯಿತು. ಕೂತು ಬರೆಯಲು ಮನಸ್ಸು ಬರಲಿಲ್ಲ, ಅಷ್ಟೆ. ಮೈಗೇನೂ ಆಗಿಲ್ಲ.

ಕೇಳು. ಔಷಧಿ ಬೇರೆ, ಮದ್ದು ಬೇರೆ. ಔಷಧಿ ಅಂಗಡಿಯದು, ಚೀಟಿ ಬೇಕು. ಮದ್ದು ಮನೆಯದು, ಕೈ ಬೇಕು. "ಅವಳ ಕೈಗುಣ ಚೆನ್ನಾಗಿದೆ" ಎನ್ನುತ್ತಾರಲ್ಲ, ಅದನ್ನು ಬರೆದುಕೋ. ಅರೆದು ಹಚ್ಚಿದರೆ ಲೇಪ. ಬಟ್ಟೆ ಕಾಯಿಸಿ ಒತ್ತಿದರೆ ಶಾಖ. ಉಳುಕಿದ ಕಾಲಿಗೆ ಎಣ್ಣೆ ಹಾಕಿ ನೀವಿದರೆ ನೀವುವುದು, ಅದಕ್ಕೆ ಬೇರೆ ಹೆಸರಿಲ್ಲ. ಮಗು ಬೆಚ್ಚಿಬಿದ್ದರೆ ಇಳಿ ತೆಗೆಯುವುದು. ಬಾಣಂತಿಗೆ ಖಾರದ ಉಂಡೆ. ಬೇಸಿಗೆಯಲ್ಲಿ ನೆತ್ತಿಗೆ ಹರಳೆಣ್ಣೆ ತಟ್ಟುವುದು. ಬೇಲದಹಣ್ಣಿನ ಪಾನಕ ಕುಡಿದು "ಜೀವ ತಣ್ಣಗಾಯ್ತು" ಎನ್ನುತ್ತೇವೆ. ಈಗ ಮೇಲಿನ ಮನೆಯ ಬಾಡಿಗೆ ಹುಡುಗಿಯರು ಡಬ್ಬಿಯಲ್ಲಿ ಬರುವ ಏನನ್ನೋ ಕುಡಿಯುತ್ತಾರೆ. ಕುಡಿದ ಮೇಲೂ ಅವರ ಮುಖ ಹಾಗೆಯೇ ಇರುತ್ತದೆ.

ಗುಣವಾಗುವುದಕ್ಕೂ ಒಂದು ಕ್ರಮವಿದೆ. ಮೊದಲು ಜ್ವರ ಬಿಡುತ್ತದೆ. ಆಮೇಲೆ ಕಣ್ಣು ಬಿಡುತ್ತಾರೆ. ಆಮೇಲೆ ಬಾಯಿಗೆ ರುಚಿ ಬರುತ್ತದೆ, ಗಂಜಿ ಬೇಡ ಅನ್ನ ಹಾಕು ಎಂದು ಜಗಳ ತೆಗೆಯುತ್ತಾರೆ. ಜಗಳ ತೆಗೆದರು ಎಂದರೆ ಉಳಿದರು ಎಂದೇ ಲೆಕ್ಕ. ಆಮೇಲೆ ಎದ್ದು ಕೂರುತ್ತಾರೆ, ತಲೆಗೆ ನೀರು ಹಾಕಿಸಿಕೊಳ್ಳುತ್ತಾರೆ, ಮುಖಕ್ಕೆ ಕಳೆ ಬರುತ್ತದೆ, ಮೈಕೈ ತುಂಬಿಕೊಳ್ಳುತ್ತಾರೆ. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದು ಕಡಿಮೆ. ವಾಸಿಯಾದವರು ನನ್ನ ಮನೆಗೆ ಬರುವುದಿಲ್ಲವಲ್ಲ. ಸಂತೆಯಲ್ಲೋ ಬಸ್ಸಿನಲ್ಲೋ ಎದುರು ಸಿಕ್ಕರೆ ತಲೆ ತಗ್ಗಿಸಿ ಪಕ್ಕಕ್ಕೆ ಹೋಗುತ್ತಾರೆ. ಮದ್ದಿನವಳನ್ನು ಮಾತಾಡಿಸಿದರೆ ಮತ್ತೆ ಹಿಡಿದುಕೊಳ್ಳುತ್ತದೋ ಎಂಬ ಹೆದರಿಕೆ. ಅವರು ಆರೋಗ್ಯವಾಗಿದ್ದಾರೆಂದು ನನಗೆ ಗೊತ್ತಾಗುವುದೇ ಹಾಗೆ.

ನಿನ್ನ ಅಪ್ಪ ಒಬ್ಬ ಹಾಗಲ್ಲ. ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು "ಅಕ್ಕೋ, ಅತ್ತಿ ಅತ್ತಿ, ಸೀಟ್ ಐತೆ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ನಿನ್ನ ಅಪ್ಪನ ವಿಷಯ ನಿನಗೆ ಒಂದು ಮಾತು ಹೇಳಬೇಕಾಗಿದೆ. ಇವತ್ತು ಬೇಡ.

ಬೆಟ್ಟಮ್ಮ


ಜಯಲಕ್ಷ್ಮಿಪುರಂ
5 ಸೆಪ್ಟೆಂಬರ್ 2024

ದೊಡ್ಡಮ್ಮ,

ಅಮ್ಮನಿಗೆ ಗೊತ್ತಾಯಿತು. ನಿಮ್ಮ ಕಾಗದ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಸಂಜೆ ಬಂದಾಗ ಕವರ್ ಟಿವಿಯ ಪಕ್ಕದಲ್ಲಿತ್ತು, ಒಡೆದಿರಲಿಲ್ಲ. ಅಮ್ಮ, "ಬೆಟ್ಟಕ್ಕನ ಕೈ ಇದು. 'ಮ'ಕ್ಕೆ ಈ ತರ ಬಾಲ ಬಿಡೋದು ಅವ್ಳೊಬ್ಳೇ" ಎಂದಳು. ಅಷ್ಟು ಹೇಳಿ ರಾಗಿಹಿಟ್ಟು ಜರಡಿ ಹಿಡಿಯತೊಡಗಿದಳು. ಹಿಟ್ಟು ಮುಗಿದ ಮೇಲೂ ಖಾಲಿ ಜರಡಿ ಆಡಿಸುತ್ತಲೇ ಇದ್ದಳು.

"ಯಾಕಮ್ಮ, ಏನಾಗಿತ್ತು?" ಎಂದು ಕೇಳಿದೆ. "ಅವ್ಳನ್ನೇ ಕೇಳು" ಎಂದಳು.

ಕೇಳುತ್ತಿದ್ದೇನೆ. ಅಪ್ಪನ ವಿಷಯ ಏನು?

ಭವ್ಯ


ಜಯಲಕ್ಷ್ಮಿಪುರಂ
14 ಅಕ್ಟೋಬರ್ 2024

ದೊಡ್ಡಮ್ಮ,

ದಸರೆಯೂ ಮುಗಿಯಿತು, ನಿಮ್ಮ ಕಾಗದ ಬರಲಿಲ್ಲ. ಅಮ್ಮ ಕೇಳುವುದಿಲ್ಲ. ಆದರೆ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ತುಳಸಿಗೆ ನೀರು ಹಾಕುತ್ತಾಳೆ. ಬೆಳಿಗ್ಗೆ ಒಂದು ಸಲ ಹಾಕಿರುತ್ತಾಳೆ.

ಏನಿದ್ದರೂ ಬರೆಯಿರಿ.

ಭವ್ಯ


ಬೋಗಾದಿ
2 ನವೆಂಬರ್ 2024

ಭವ್ಯ,

ಇದನ್ನು ನೀನು ಓದಿ, ಆಮೇಲೆ ಅಮ್ಮನಿಗೆ ಓದಿ ಹೇಳು. ನಾಲ್ಕು ಸಲ ಬರೆದು ಒಲೆಗೆ ಹಾಕಿದ್ದೇನೆ. ಇದು ಐದನೆಯದು, ಹಾಕುವುದಿಲ್ಲ.

ನಿನ್ನ ಅಪ್ಪನಿಗೆ ಕಾಮಾಲೆಯಾದಾಗ ಮದ್ದು ಕೊಟ್ಟವಳು ನಾನು. 2007ರ ಫಾಲ್ಗುಣ ಮಾಸ. ಕುಸುಮ ಅವನನ್ನು ಕರೆದುಕೊಂಡು ಮೊದಲ ಸಲ ಮುಂದಿನ ಬಾಗಿಲಿಗೆ ಬಂದಳು. ಯಾವತ್ತೂ ಹಿತ್ತಲಿಂದ ಬರುವವಳು, ಬೆಳ್ಳಂಬೆಳಿಗ್ಗೆ ಸೆರಗು ಹೊದ್ದು ಬೇರೆಯವರ ಹಾಗೆ ಜಗುಲಿಯ ಮೇಲೆ ನಿಂತಿದ್ದಳು. ನನಗೆ ನಗು ಬಂತು. ಅವಳು ನಗಲಿಲ್ಲ, ಕಟ್ಟಲೆ ಮುರಿಯಬಾರದು ಎಂದು.

ಮೂರು ದಿನದ ಮದ್ದು. ಎರಡು ದಿನ ಅವನೇ ಬಂದ. ಮೂರನೆಯ ದಿನ ಕುಸುಮ ಒಬ್ಬಳೇ ಲೋಟ ಹಿಡಿದುಕೊಂಡು ಬಂದಳು. "ಅವ್ರು ಏಳ್ತಾನೇ ಇಲ್ಲ ಕಣಕ್ಕಾ, ನಿನ್ನೆ ಅಗಲೆಲ್ಲ ನಿದ್ದೆ. ಮಾತಾಡ್ಸುದ್ರೆ ಏನೇನೋ ಅಂತಾರೆ" ಎಂದಳು. ನಾನು ಅರೆಯುತ್ತ ಇದ್ದೆ. "ಸುಸ್ತಿರ್ತದೆ ಬುಡು" ಎಂದೆ. ಸೋಸಿ ಲೋಟಕ್ಕೆ ಹಾಕಿ ಕೊಟ್ಟೆ. ಅವಳು ತಿರುಗಿ ಮೆಟ್ಟಿಲು ಇಳಿದಳು.

ಅವಳು ಇಳಿಯುವಾಗ ನನಗೆ ಅತ್ತೆಯ ಮಾತು ನೆನಪಾಯಿತು. "ಕಾಮಾಲೆಯೋರು ಅಗಲೊತ್ನಲ್ಲಿ ನಿದ್ದೆಗೆ ಬಿದ್ದು ಮಾತು ತಪ್ಪುದ್ರೆ ಅದು ನಮ್ಮ ಕೈಲಿಲ್ಲ. ಒಂದ್ಗಳಿಗೆ ನಿಲ್ದಂಗೆ ದೊಡ್ಡಾಸ್ಪತ್ರೆಗೆ ಕಳ್ಸು" ಎಂದು ಅವರು ಹೇಳಿದ್ದರು. ಎದ್ದೆ. ಹೊಸ್ತಿಲು ದಾಟಿ ಜಗುಲಿಗೆ ಬಂದೆ. ಅವಳು ಬೇಲಿಯ ಹತ್ತಿರ ಇದ್ದಳು. ನನ್ನ ಬಾಯಿ ತೆರೆದಿತ್ತು, ಭವ್ಯ. "ಕುಸುಮಾ" ಎಂದರೆ ಆಗುತ್ತಿತ್ತು. ಹಿಂದಿನಿಂದ ಕೂಗಿದರೆ ಮದ್ದು ಹತ್ತುವುದಿಲ್ಲ ಎಂದು ಸುಮ್ಮನಾದೆ. ಅವಳು ತಿರುಗಿ ನೋಡಲಿಲ್ಲ. ನಾನು ಕರೆಯಲಿಲ್ಲ.

ಸಂಜೆ ಹಿತ್ತಲಿನಿಂದ ಹೋಗಿ ಹೇಳೋಣ ಎಂದುಕೊಂಡೆ. ಪಥ್ಯದವರ ಮನೆಗೆ ಹೋಗಬಾರದು ಎಂಬ ಇನ್ನೊಂದು ಕಟ್ಟಲೆ. ಹಿತ್ತಲ ಬಾಗಿಲು ತೆಗೆದು, ಅಲ್ಲೇ ನಿಂತು, ಮುಚ್ಚಿದೆ. ಕುಸುಮಳೇ ಬರುತ್ತಾಳೆ ಎಂದು ಕಾದೆ. ಮದ್ದಿನ ಸಮಯವಲ್ಲವೆ, ಅವಳೂ ಬರಲಿಲ್ಲ. ಎರಡು ದಿನ ಕಳೆದ ಮೇಲೆ ನಿಮ್ಮ ಮನೆಯ ಮುಂದೆ ಆಟೋ ನಿಂತಿತು. ನಾಲ್ಕನೆಯ ದಿನ ಆಸ್ಪತ್ರೆಯಿಂದ ಅವನನ್ನು ತಂದರು. ನಾನು ಬೀದಿಯ ತುದಿಯಲ್ಲಿ ನಿಂತು ನೋಡಿದೆ. ಹತ್ತಿರ ಬರಲಿಲ್ಲ. ತಿಂಗಳು ತುಂಬುವ ಮುಂಚೆ ನೀವು ಮನೆ ಖಾಲಿ ಮಾಡಿದಿರಿ. ಹೋಗುವಾಗ ಅವಳು ಹೇಳಿ ಹೋಗಲಿಲ್ಲ. ಮದ್ದಿನ ಮನೆಗೆ ಹೇಳಿ ಹೋಗಬಾರದು ಎಂದು ಹೇಳಲಿಲ್ಲವೋ, ನನ್ನ ಮುಖ ನೋಡಬಾರದು ಎಂದು ಹೇಳಲಿಲ್ಲವೋ, ಇಷ್ಟು ವರ್ಷವಾದರೂ ನನಗೆ ಗೊತ್ತಿಲ್ಲ. ಎರಡಕ್ಕೂ ಅದೇ ಮೌನ.

ಆಮೇಲೂ ನಾನು ಮದ್ದು ಕೊಟ್ಟೆ. ಆದರೆ ಅನುಮಾನ ಬಂದವರನ್ನೆಲ್ಲ ಬೀದಿಯ ತನಕ ಓಡಿಹೋಗಿ ಕೂಗಿ ಕರೆದೆ. ಲೋಟ ಕಿತ್ತುಕೊಂಡು ಚೆಲ್ಲಿ, ಆಸ್ಪತ್ರೆಗೆ ಹೋಗಿ ಎಂದೆ. ಜನ ಬೈದರು. "ಮದ್ದು ಕೊಟ್ಟು ಹಿಂದ್ಲಿಂದ ಕೂಗ್ತಾಳೆ, ಅವಳ ಕೈಗುಣ ಹೋಯ್ತು" ಎಂದರು. ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಈಗ ನಾಲ್ಕು ವರ್ಷದಿಂದ ಯಾರೂ ಇಲ್ಲ. ಅರೆಯುವ ಕಲ್ಲಿನ ಮೇಲೆ ಮೇಲಿನ ಹುಡುಗಿಯರ ಚಪ್ಪಲಿ ಒಣಗುತ್ತವೆ.

ನೀನು ಬರಬೇಡ ಎಂದು ಮೊದಲೇ ಬರೆದಿದ್ದೆನಲ್ಲ, ಇದಕ್ಕೆ. ನಿನ್ನ ಮುಖ ಪ್ರಸಾದನ ಹಾಗಿದ್ದರೆ ನಾನು ಏನು ಮಾಡಲಿ?

ನನ್ನಿಂದ ತಪ್ಪಾಗಿದೆ. ಕುಸುಮನಿಗೆ ಇದನ್ನು ಓದಿ ಹೇಳು.

ಬೆಟ್ಟಮ್ಮ


ಜಯಲಕ್ಷ್ಮಿಪುರಂ
20 ನವೆಂಬರ್ 2024

ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಸದ್ಯಕ್ಕೆ ನನ್ನ ಕೈಲಿ ಏನೂ ಬರೆಯಲು ಆಗುವುದಿಲ್ಲ. ಪದಗಳನ್ನು ಕಳಿಸಬೇಡಿ.

ಭವ್ಯಶ್ರೀ


ಬೋಗಾದಿ
15 ಡಿಸೆಂಬರ್ 2024

ಭವ್ಯಶ್ರೀಗೆ,

ಪದ ಕಳಿಸಬೇಡ ಎಂದಿದ್ದೀಯೆ. ಆದರೂ ಕಳಿಸುತ್ತಿದ್ದೇನೆ. ನಿನ್ನದು ಕೆಲಸ, ಅದು ನನ್ನ ಮೇಲಿನ ಕೋಪಕ್ಕೆ ನಿಲ್ಲಬಾರದು. ಹರಿದು ಬಿಸಾಡಬೇಕೆನಿಸಿದರೆ ಬಿಸಾಡು.

ಕಾಮಾಲೆಗೆ ನೆಲನೆಲ್ಲಿ, ಅದರ ಜೊತೆಗೆ ಗರಗದ ಸೊಪ್ಪು. ಕೆಮ್ಮಿಗೆ ಆಡುಸೋಗೆ. ಮಕ್ಕಳ ಶೀತಕ್ಕೆ ದೊಡ್ಡಪತ್ರೆ. ಜ್ವರಕ್ಕೆ ಅಮೃತಬಳ್ಳಿ, ನೆಲಬೇವು. ಉಳುಕಿಗೆ ಲಕ್ಕಿಸೊಪ್ಪಿನ ಶಾಖ. ಮೂಳೆ ನೋವಿಗೆ ಮಂಗರವಳ್ಳಿ. ತಲೆಭಾರಕ್ಕೆ ತುಂಬೆ. ಮರೆವಿಗೆ ಒಂದೆಲಗ, ಅದನ್ನು ನಾನು ತಿನ್ನುವುದಿಲ್ಲ.

ಈ ಹೆಸರುಗಳನ್ನು ಒಟ್ಟಿಗೆ ಬರೆದದ್ದು ನನ್ನ ಆಯುಸ್ಸಿನಲ್ಲಿ ಇದೇ ಮೊದಲು. ಬರೆದು ಮುಗಿಸಿ ಒಂದು ಸಲ ಗಟ್ಟಿಯಾಗಿ ಓದಿದೆ. ನನಗೇ ಕೇಳಿಸಲಿಲ್ಲ. ಹತ್ತುವುದಾದರೆ ಹತ್ತಲಿ, ಬಿಟ್ಟರೆ ಬಿಡಲಿ. ಈ ಗಿಡಗಳು ಬೆಳೆಯುತ್ತಿದ್ದ ಕೆರೆಯಂಗಳದಲ್ಲಿ ಈಗ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಹಿತ್ತಲ ಬಾಗಿಲಿಗೆ ಎರಡು ಮೊಳ ಬಿಟ್ಟು ಅಪಾರ್ಟ್‌ಮೆಂಟಿನ ಕಾಂಪೌಂಡ್ ಎದ್ದಿದೆ. ಬಾಗಿಲು ತೆಗೆದರೆ ಗೋಡೆ. ಆ ಬಾಗಿಲಿಗೆ ಈಗ ಕಪಾಟು ಒರಗಿಸಿಟ್ಟಿದ್ದೇನೆ.

ಅಮ್ಮನ ಮಂಡಿಗೆ ಬಿಸಿನೀರಿನ ಶಾಖ ಕೊಡು. ಕುಡಿಯುವ ಮದ್ದು ಯಾರು ಕೊಟ್ಟರೂ ಬೇಡ, ಡಾಕ್ಟರಿಗೆ ತೋರಿಸು.

ಇನ್ನು ಬರೆಯುವುದಿಲ್ಲ.

ಬೆಟ್ಟಮ್ಮ


ಜಯಲಕ್ಷ್ಮಿಪುರಂ
5 ಜನವರಿ 2025

ಬೆಟ್ಟಕ್ಕ,

ನಾನು ಕುಸುಮ. ನನಗೆ ಬರೆದು ಅಭ್ಯಾಸವಿಲ್ಲ, ನೀನು ಬಲ್ಲೆ. ಭವ್ಯಳ ಕೈಲಿ ಬರೆಸಬಹುದಿತ್ತು. ಇದನ್ನು ಅವಳ ಕೈಲಿ ಬರೆಸಬಾರದು.

ಭವ್ಯ ನಿನ್ನ ಕಾಗದ ಓದಿ ಎರಡು ದಿನ ಊಟ ಬಿಟ್ಟಳು. ಅವಳಿಗೆ ನಿನ್ನ ಮೇಲೆ ಇದ್ದದ್ದಕ್ಕಿಂತ ಹೆಚ್ಚು ನನ್ನ ಮೇಲೆ ಕೋಪ. ಇಷ್ಟು ವರ್ಷ ಯಾಕೆ ಬಚ್ಚಿಟ್ಟೆ ಎಂದು. ಈಗ ಪರವಾಗಿಲ್ಲ, ಅನ್ನ ಸರಿಯಾಗಿ ಬೆಂದಿಲ್ಲ ಎಂದು ನಿನ್ನೆ ಜಗಳ ತೆಗೆದಳು.

ಅಕ್ಕಾ, ನೀನು ಹೊಸ್ತಿಲು ದಾಟಿ ಜಗುಲಿಗೆ ಬಂದದ್ದು ನನಗೆ ಕೇಳಿಸಿತ್ತು. ನಿನ್ನ ಬಳೆ ಬಾಗಿಲಿಗೆ ತಗುಲಿ ಸದ್ದಾಯಿತು. ಯಾವತ್ತೂ ಮದ್ದು ಕೊಟ್ಟ ಮೇಲೆ ಏಳದವಳು ಯಾಕೆ ಎದ್ದಳು ಎಂದುಕೊಂಡೆ. ಬೇಲಿಯ ಹತ್ತಿರ ನಿಂತೆ. ನೀನು ಕರೆಯುತ್ತೀಯೇನೋ ಎಂದು ನಿಂತೆ. ತಿರುಗಿ ನೋಡಿದರೆ ಮದ್ದು ಹತ್ತುವುದಿಲ್ಲ ಎಂದು ನೋಡಲಿಲ್ಲ. ನೀನು ಕರೆಯಲಿಲ್ಲ. ಏನಿಲ್ಲ ಎಂದುಕೊಂಡು ಹೋದೆ. ಅವರಿಗೆ ಆ ಲೋಟ ಕುಡಿಸಿದ್ದು ನಾನು. ಗುಟುಕಿಸಲು ಆಗದೆ ಅರ್ಧ ಕತ್ತಿನ ಮೇಲೆ ಹರಿಯಿತು.

ಆಸ್ಪತ್ರೆಯ ಡಾಕ್ಟರು, ಎರಡು ದಿನ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದರು. ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ. ನಿನಗೆ ಈಗ ಹೇಳುತ್ತಿದ್ದೇನೆ. ನಿನಗೆ ನೋವಾಗಲಿ ಎಂದೇ ಹೇಳುತ್ತಿದ್ದೇನೆ. ಆ ನೋವನ್ನು ಹದಿನೇಳು ವರ್ಷ ನಾನೊಬ್ಬಳೇ ಹೊತ್ತೆ.

ಎಲ್ಲ ತಪ್ಪನ್ನೂ ನಿನ್ನ ತಲೆಗೆ ಕಟ್ಟಿ ಬದುಕಬೇಕೆಂದು ನೋಡಿದೆ. ಅದಕ್ಕೇ ಊರು ಬಿಟ್ಟೆ, ಅದಕ್ಕೇ ಹೇಳದೆ ಬಂದೆ. ಆಗಲಿಲ್ಲ. ಹಾಸ್ಟೆಲಿನಲ್ಲಿ ಇನ್ನೂರು ಮಕ್ಕಳಿಗೆ ಹುರುಳಿಕಾಯಿ ಬಿಡಿಸುವಾಗ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಆಗೆಲ್ಲ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು, ಗಂಡನೂ ಹೋದ, ನೀನೂ ಹೋದೆಯಲ್ಲ ಎಂದು.

ಕ್ಷಮಿಸಿದೆ ಎಂದು ಬರೆಯಲು ನನ್ನ ಕೈಲಿ ಆಗುವುದಿಲ್ಲ ಅಕ್ಕಾ. ಮನಸ್ಸು ಇನ್ನೂ ಅಲ್ಲಿಗೆ ಬಂದಿಲ್ಲ, ಬರುತ್ತದೋ ಇಲ್ಲವೋ. ಆದರೆ ನೀನು ಒಬ್ಬಳೇ ಕೂತು ಆ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿದೆ ಎಂದು ಭವ್ಯ ಓದಿ ಹೇಳಿದಾಗ ತಡೆಯಲಾಗಲಿಲ್ಲ.

ಸಂಕ್ರಾಂತಿಗೆ ಎಳ್ಳು ಹುರಿಯುತ್ತೇನೆ. ನೀನು ಮನೆಯಲ್ಲಿರು.

ಕುಸುಮ


ಬೋಗಾದಿ
17 ಜನವರಿ 2025

ಮಗಳೇ ಭವ್ಯ,

ಇನ್ನು ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತಿದ್ದೇನೆ. ನಿನ್ನ ಅಮ್ಮ ಮನೆಗೆ ಬಂದು ಏನು ಹೇಳಿದಳೋ ಗೊತ್ತಿಲ್ಲ. ನನ್ನ ಕಡೆಯದನ್ನೂ ಕೇಳು.

ಹಬ್ಬದ ದಿನ ಬೆಳಗಿನಿಂದ ಜಗುಲಿಯ ಮೇಲೆ ಕೂತಿದ್ದೆ. ಬೀದಿಯ ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು, ತಟ್ಟೆ ಹಿಡಿದು ಮನೆ ಮನೆಗೆ ಎಳ್ಳು ಬೀರುತ್ತ ಹೋದರು. ನನ್ನ ಮನೆ ಬಿಟ್ಟು ಮುಂದಿನ ಮನೆಗೆ ಹೋದರು. ಅದು ಪ್ರತಿ ವರ್ಷದ್ದು, ಹಬ್ಬದ ದಿನ ಮದ್ದಿನ ಮನೆ ಯಾರು ತುಳಿಯುತ್ತಾರೆ? ಮಧ್ಯಾಹ್ನವಾಯಿತು. ಬರುವುದಿಲ್ಲ ಎಂದುಕೊಂಡು ಒಳಗೆ ಹೋಗಿ ಅನ್ನಕ್ಕಿಟ್ಟೆ.

ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ, ನನಗೆ ಕೇಳಿಸಬೇಕಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅವಳಿಗೂ ನಾನು ಹಾಗೇ ಕಂಡಿರಬೇಕು. "ಹಿತ್ತಲ ಬಾಗಿಲು ಇಲ್ಲ ಕುಸುಮ" ಎಂದೆ. ಅವಳು ಕೈಸನ್ನೆ ಮಾಡಿ, ಇದೇ ಸಾಕು ಎಂದು, ಹೊಸ್ತಿಲು ದಾಟಿ ಒಳಗೆ ಬಂದಳು. ಮೈಯಲ್ಲಿ ಒಂದು ಕಾಯಿಲೆ ಇಲ್ಲದೆ ಆ ಬಾಗಿಲಿನಿಂದ ಒಳಗೆ ಬಂದವಳು ಅವಳೇ ಮೊದಲು. ಮಂಡಿನೋವನ್ನು ಲೆಕ್ಕಕ್ಕೆ ಹಿಡಿಯಬೇಡ.

ನಾವು ಹೆಚ್ಚು ಮಾತಾಡಲಿಲ್ಲ. ಅವಳು ಮಾತಾಡಿದರೆ ನನಗೆ ಕೇಳಿಸುವುದಿಲ್ಲ, ನಾನು ಮಾತಾಡಿದರೆ ಅವಳಿಗೆ ಅಳು. ಎಳ್ಳುಬೆಲ್ಲ ಕೊಟ್ಟಳು. ಕೊಬ್ಬರಿ ಚೂರು ಅಗಿಯಲು ನನಗೆ ಹಲ್ಲಿಲ್ಲ ಎಂದು ಕಂಡು ಕಲ್ಲಿನ ಮೇಲಿದ್ದ ಚಪ್ಪಲಿಗಳನ್ನು ಆಚೆ ಎಸೆದು, ತೊಳೆದು, ಅದರಲ್ಲೇ ಕುಟ್ಟಿ ಪುಡಿ ಮಾಡಿದಳು. ಸೊಪ್ಪು ಅರೆದ ಕಲ್ಲಿನಲ್ಲಿ ಎಳ್ಳುಬೆಲ್ಲ. ಸಂಜೆಯ ತನಕ ಕೂತಿದ್ದಳು. ಪ್ರಸಾದನ ಹೆಸರು ಒಂದೇ ಸಲ ಬಂತು, ಇಬ್ಬರೂ ಅತ್ತೆವು. ಸಾಕಾಗುವಷ್ಟು ಅತ್ತೆವು.

ದೀಪ ಹಚ್ಚುವ ಹೊತ್ತಿಗೆ ಎದ್ದಳು. ಏನೂ ಹೇಳದೆ ಮೆಟ್ಟಿಲು ಇಳಿದಳು. ಬೇಲಿ ಇದ್ದ ಜಾಗದಲ್ಲಿ ಈಗ ಕಬ್ಬಿಣದ ಗೇಟು. ಅಲ್ಲಿಯ ತನಕ ಹೋದಳು. ಮತ್ತೆ ಅದೇ ಬೆನ್ನು, ಅದೇ ಜಗುಲಿ. ನನಗೆ ತಡೆಯಲಾಗಲಿಲ್ಲ, ಭವ್ಯ. "ಕುಸುಮಾ!" ಎಂದು ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೋ, ಮೇಲಿನ ಹುಡುಗಿಯರು ಕಿಟಕಿಯಿಂದ ಬಗ್ಗಿ ನೋಡಿದರು.

ಅವಳು ನಿಂತಳು. ತಿರುಗಿದಳು. ಗೇಟಿನ ಕಂಬಿ ಹಿಡಿದುಕೊಂಡು ನನ್ನ ಮುಖ ನೋಡಿ, ನನಗೆ ತಿಳಿಯಲಿ ಎಂದು ಬಾಯಿ ಅಗಲಿಸಿ, ನಿಧಾನವಾಗಿ, ಈ ಬಾಗಿಲಿನಲ್ಲಿ ಯಾರೂ ಹೇಳದ ಆ ಒಂದು ಮಾತು ಹೇಳಿದಳು. ಕಿವಿಗೆ ಕೇಳಿಸಲಿಲ್ಲ. ಬಾಯಿ ನೋಡಿ ತಿಳಿದುಕೊಂಡೆ.

ನಿನ್ನ ಪದಕೋಶಕ್ಕೆ ನನ್ನಲ್ಲಿದ್ದ ಹೆಸರನ್ನೆಲ್ಲ ಕೊಟ್ಟಿದ್ದೇನೆ, ಒಂದನ್ನೂ ಉಳಿಸಿಕೊಂಡಿಲ್ಲ. ಇದೊಂದನ್ನು ಮಾತ್ರ ಕೇಳಬೇಡ. ಬಾಯಿಬಿಟ್ಟು ಹೇಳಿದರೆ ಹತ್ತುವುದಿಲ್ಲ.

ನಿನ್ನ ದೊಡ್ಡಮ್ಮ,
ಬೆಟ್ಟಮ್ಮ